ನಂಬಬಹುದಾದ ಕಾರ್ ಗ್ಯಾರೇಜನ್ನು ಗುರುತಿಸುವುದು ಹೇಗೆ?

ಗಾಡಿಯಿಂದ ತೆಗೆದ ಹಳೆಯ ಪಾರ್ಟನ್ನು ಕೇಳದೆಯೇ ತೋರಿಸುವ ಗ್ಯಾರೇಜನ್ನು ಬಹುಮಟ್ಟಿಗೆ ನಂಬಬಹುದು. ಮೊದಲೇ ಕೇಳಿಟ್ಟಿದ್ದರೂ "ಬಿಸಾಕಿಬಿಟ್ವಿ ಸಾರ್" ಅನ್ನುವ ಕಡೆ ಮತ್ತೆ ಹೋಗಬೇಡಿ.

ಏನು ಕೆಟ್ಟಿದೆ ಅಂತ ಹೇಳುವವರೂ ಅವರೇ, ಅದನ್ನು ಸರಿಮಾಡಿ ದುಡ್ಡು ತೆಗೆದುಕೊಳ್ಳುವವರೂ ಅವರೇ. ಬಾನೆಟ್ ಒಳಗೆ ಏನಾಗಿದೆ ಅಂತ ನಮಗೆ ತಿಳಿಯುವುದಿಲ್ಲ. ಹಾಗಾಗಿ ಅವರ ಮಾತನ್ನು ನಾವೇ ಕಣ್ಣಾರೆ ನೋಡಿ ಖಾತ್ರಿ ಮಾಡಿಕೊಳ್ಳಲು ಬಿಡುತ್ತಾರಾ ಅನ್ನುವುದೇ ಮುಖ್ಯ.

ಬ್ರೇಕ್ ಪ್ಯಾಡನ್ನೇ ತೆಗೆದುಕೊಳ್ಳಿ. ಕಾರಿನ ಹೊಸ ಪ್ಯಾಡಿನಲ್ಲಿ ಡಿಸ್ಕಿಗೆ (ಚಕ್ರದ ಜೊತೆ ತಿರುಗುವ ತಟ್ಟೆಗೆ) ಉಜ್ಜುವ ಪದರ ಸಾಮಾನ್ಯವಾಗಿ 10 ಮಿ.ಮೀ. ಆಸುಪಾಸು ಇರುತ್ತದೆ. ಅದು 3 ಮಿ.ಮೀ. ಹತ್ತಿರ ಬಂದಾಗ ಬದಲಿಸುವುದು ವಾಡಿಕೆ. "ಪ್ಯಾಡ್ ಹೋಗಿದೆ" ಅಂದರೆ, ಚಕ್ರ ಬಿಚ್ಚಿದಾಗ ಕರೆದು ತೋರಿಸಿ ಅನ್ನಿ. ಮಕ್ಕಳ ಸ್ಕೇಲ್ ಇಟ್ಟು ಅಳೆದರೂ ಸಾಕು. ಒಳಬದಿಯ ಪ್ಯಾಡನ್ನೂ ನೋಡಿ, ಎಷ್ಟೋ ಸಲ ಅದೇ ಮೊದಲು ಸವೆದಿರುತ್ತದೆ. ಒಳ್ಳೆಯ ಮೆಕ್ಯಾನಿಕ್ ಇದಕ್ಕೆ ಬೇಜಾರು ಮಾಡಿಕೊಳ್ಳುವುದಿಲ್ಲ, ಇನ್ನೂ ಖುಷಿಯಾಗಿ ವಿವರಿಸುತ್ತಾನೆ!

ಅಂದಾಜು ಖರ್ಚನ್ನು ಬರೆಸಿಕೊಳ್ಳಿ. ಅದಕ್ಕಿಂತ ಜಾಸ್ತಿ ಕೆಲಸ ಬಂದರೆ ಫೋನ್ ಮಾಡಿ ಕೇಳಿಯೇ ಮಾಡಬೇಕು ಅಂತಲೂ ಹೇಳಿಬಿಡಿ.

ಕಂಪನಿ ಸರ್ವೀಸ್ ಸೆಂಟರ್ ಅಂದಮಾತ್ರಕ್ಕೆ ಎಲ್ಲವೂ ಸರಿ ಅಂತಲ್ಲ. ವಾರಂಟಿ ಇರುವಷ್ಟು ದಿನ ಅಲ್ಲಿಗೆ ಹೋಗುವುದೇ ಕ್ಷೇಮ, ನಿಜ. ಆದರೆ ಎಂಜಿನ್ ಫ್ಲಶ್ (ಎಂಜಿನ್ನಿನ ಒಳಭಾಗ ತೊಳೆಯುವುದು), ಎಸಿ ಕ್ಲೀನಿಂಗ್ ಅಂತ ಬಿಲ್ಲಿಗೆ ಸೇರಿಸುವ ಮುಂಚೆ, ಕಾರಿನ ಜೊತೆ ಬಂದ ಮ್ಯಾನ್ಯುಯಲ್‌ನ ಸರ್ವೀಸ್ ಪಟ್ಟಿಯಲ್ಲಿ ಅದು ಇದೆಯಾ ನೋಡಿ. ಇಲ್ಲದಿದ್ದರೆ ಯಾಕೆ ಬೇಕು ಅಂತ ಕೇಳಿ.