ಭಾಗಾಕಾರ ಸರಿ, ಉತ್ತರ ಮಾತ್ರ ತಪ್ಪು!

ಪ್ರಶ್ನೆ: ಮಗಳಿಗೆ ಈ ಲೆಕ್ಕ ಕೊಟ್ಟಿದ್ದರು: 18 ಕಪಾಟುಗಳಲ್ಲಿ ತಲಾ 42 ಪುಸ್ತಕಗಳಿವೆ. 265 ಪುಸ್ತಕಗಳನ್ನು ಓದಲು ಒಯ್ದಿದ್ದಾರೆ. ಉಳಿದವನ್ನು ಪೆಟ್ಟಿಗೆಗೆ 24ರಂತೆ ತುಂಬಲು ಎಷ್ಟು ಪೆಟ್ಟಿಗೆ ಬೇಕು? ಅವಳಿಗೆ ಗುಣಿಸಿದಾಗ 378, ಕಳೆದಾಗ 113, ಕೊನೆಗೆ 5 ಪೆಟ್ಟಿಗೆ ಬಂತು. ‘ಇನ್ನೊಮ್ಮೆ ನೋಡು’ ಅಂದರೆ ಭಾಗಾಕಾರ ನೋಡಿ ‘ಸರಿಯಾಗೇ ಇದೆ’ ಅಂತಾಳೆ. ಏನು ಮಾಡಲಿ?

ಉತ್ತರ: ಅವಳು ಹೇಳಿದ್ದು ಸುಳ್ಳೇನಲ್ಲ. 113ನ್ನು 24ರಿಂದ ಭಾಗಿಸಿದರೆ 4 ಬಂದು 17 ಉಳಿಯುತ್ತದೆ. ಆ 17ಕ್ಕೆ ಐದನೇ ಪೆಟ್ಟಿಗೆ. ಕಳೆದದ್ದೂ ಸರಿ. ಎಡವಿದ್ದು ಗುಣಾಕಾರದಲ್ಲಿ. ಎರಡನೇ ಸಾಲನ್ನು ಒಂದು ಮನೆ ಎಡಕ್ಕೆ ಸರಿಸದೆ, 336ಕ್ಕೆ 420ರ ಬದಲು 42 ಕೂಡಿಸಿದ್ದಾಳೆ. ಕೊನೆಯ ಹಂತವನ್ನು ಎಷ್ಟು ಸಲ ನೋಡಿದರೂ ಇದು ಸಿಗುವುದಿಲ್ಲ.

ಉತ್ತರ ಹಿಡಿದುಕೊಂಡು ಹಿಂದಕ್ಕೆ ನಡೆಯಲು ಹೇಳಿ. 5 ಪೆಟ್ಟಿಗೆ ತುಂಬಾ ತುಂಬಿದರೂ 120 ಪುಸ್ತಕ. ಒಯ್ದ 265 ಸೇರಿಸಿದರೆ 385. ಅದನ್ನು 18 ಕಪಾಟಿಗೆ ಹಂಚಿದರೆ ಒಂದಕ್ಕೆ 21ರ ಆಸುಪಾಸು. ಲೆಕ್ಕದಲ್ಲಿ ಇರುವುದು 42, ಅಲ್ವಾ? ಅಲ್ಲಿಗೆ ಕಳ್ಳ ಸಿಕ್ಕ.

ನನಗೆ ಇದಕ್ಕಿಂತ ಜಾಸ್ತಿ ಇಷ್ಟವಾದದ್ದು ಅಂದಾಜು. 18ನ್ನು 20 ಮಾಡಿ, 42ನ್ನು 40 ಮಾಡಿ: 800. ಸುಮಾರು 300 ಕಳೆದರೆ 500. 24ರ ಬದಲು 25ರಿಂದ ಭಾಗಿಸಿದರೆ 20. ಇದನ್ನು ಲೆಕ್ಕ ಶುರುಮಾಡುವ ಮೊದಲೇ ಪುಟದ ಮೂಲೆಯಲ್ಲಿ ಬರೆದಿಡಲಿ. ಉತ್ತರ ಬಂದ ಮೇಲೆ ಅಂದಾಜು ಮಾಡು ಅಂದರೆ ಮಕ್ಕಳು ಬಂದ ಉತ್ತರಕ್ಕೇ ಹೊಂದಿಸಿಬಿಡುತ್ತಾರೆ. ದೊಡ್ಡವರೂ ಅಷ್ಟೇ ಬಿಡಿ.

ಅಂದಾಜಿಗೆ ಎಲ್ಲವೂ ಕಾಣುವುದಿಲ್ಲ. ಸರಿಯಾಗಿ ಮಾಡಿದರೆ 756, ಆಮೇಲೆ 491. ಭಾಗಿಸಿದಾಗ 20, ಶೇಷ 11. ಇಲ್ಲಿ 20 ಅಂತಲೋ ‘20, ಶೇಷ 11’ ಅಂತಲೋ ಬರೆದು ನಿಲ್ಲಿಸುವವರೇ ಹೆಚ್ಚು. ಉಳಿದ 11 ಪುಸ್ತಕ ಎಲ್ಲಿಡುವುದು? ಉತ್ತರ 21. ಇದಕ್ಕೆ ಪ್ರಶ್ನೆಯನ್ನೇ ಮತ್ತೆ ಓದಬೇಕು.

ಅಂಕಿ ಕೂಡಿಸಿ 9ರಿಂದ ನೋಡುವ ಹಳೆಯ ಉಪಾಯವೂ ಉಂಟು. 18ನ್ನು ಯಾವುದರಿಂದ ಗುಣಿಸಿದರೂ ಅಂಕಿಗಳ ಮೊತ್ತ 9ರಿಂದ ಭಾಗವಾಗಬೇಕು. 756ರಲ್ಲಿ 7+5+6 ಅಂದರೆ 18, ಸರಿ. ಕೈತಪ್ಪಿ 746 ಬರೆದಿದ್ದರೆ ಮೊತ್ತ 17, ಅಲ್ಲೇ ಸಿಕ್ಕಿಬೀಳುತ್ತಿತ್ತು. ತಮಾಷೆ ನೋಡಿ: ಮಗಳ 378ರ ಮೊತ್ತವೂ 18! ಮನೆ ಸರಿಸದ ತಪ್ಪು ಈ ಉಪಾಯಕ್ಕೆ ಕಾಣುವುದೇ ಇಲ್ಲ. ಸೊನ್ನೆ ಬಿಟ್ಟುಹೋದರೆ ಅಂಕಿಗಳ ಮೊತ್ತ ಬದಲಾಗುವುದಿಲ್ಲವಲ್ಲ.