ಗೋಕರ್ಣದಿಂದ ಅರ್ಧ ದಿನಕ್ಕೆ ವಿಭೂತಿ ಜಲಪಾತ: ಮಕ್ಕಳನ್ನು ನೀರಿಗಿಳಿಸಬಹುದೇ?

ನವೆಂಬರಿನಲ್ಲಿ ಗೋಕರ್ಣಕ್ಕೆ ಬರುತ್ತಿದ್ದೀರಿ, ಜೊತೆಗೆ 8 ಮತ್ತು 11 ವರ್ಷದ ಮಕ್ಕಳು, ಮಂಡಿನೋವಿನ ಅಮ್ಮ. ಹೆಚ್ಚು ನಡೆಯದೆ ಈಜಲು ಸಿಗುವ ಜಲಪಾತ ವಿಭೂತಿಯೇ ಅಂತ ಕೇಳಿದ್ದೀರಿ. ಹೌದು, ಧಾರಾಳವಾಗಿ ಹೋಗಿ. ನವೆಂಬರ್, ಡಿಸೆಂಬರ್ ಅಂದರೆ ನೀರೂ ಇರುತ್ತದೆ, ಮಳೆಗಾಲದ ಸೆಳೆತವೂ ತಗ್ಗಿರುತ್ತದೆ. ಏಪ್ರಿಲ್ ಹೊತ್ತಿಗೆ ನೀರು ಸೊರಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೋಡಲು ಮಾತ್ರ ಹೋಗಬೇಕು, ಇಳಿಯಲು ಅಲ್ಲ.

ಜಾಗ ಅಂಕೋಲಾ ತಾಲ್ಲೂಕಿನ ಅಚವೆ ಬಳಿಯ ಮಾಬಗಿ. ಗೋಕರ್ಣದಿಂದ ಕಾರಿನಲ್ಲಿ ಒಂದರಿಂದ ಒಂದೂವರೆ ಗಂಟೆ. ಗಾಡಿ ನಿಲ್ಲಿಸಿದ ಮೇಲೆ ಕಾಡಿನ ನೆರಳಲ್ಲಿ ಸುಮಾರು ಒಂದು ಕಿಲೋಮೀಟರ್ ನಡಿಗೆ, ಮಕ್ಕಳ ಹೆಜ್ಜೆಯಲ್ಲಿ ಇಪ್ಪತ್ತು ನಿಮಿಷ. ಅಮ್ಮ ಕೋಲು ಹಿಡಿದು ನಿಧಾನಕ್ಕೆ ಬರಬಹುದು. ನೀರಿನ ಅಂಚಿನ ಬಂಡೆಗಳ ಮೇಲೆ ಮಾತ್ರ ಅವರನ್ನು ಹತ್ತಿಸಬೇಡಿ. ಮೇಲೆಯೇ ಒಣ ಜಾಗ ನೋಡಿ ಚಾಪೆ ಹಾಸಿಕೊಡಿ. ಅಲ್ಲಿ ನೆಟ್‌ವರ್ಕ್ ನೆಚ್ಚಿಕೊಳ್ಳುವ ಹಾಗಿಲ್ಲ. ನಕ್ಷೆಯನ್ನು ಮೊದಲೇ ಇಳಿಸಿಕೊಳ್ಳಿ, ಚಿಲ್ಲರೆ ನೋಟು ಇಟ್ಟುಕೊಳ್ಳಿ.

ನಡಿಗೆ ಸುಲಭ. ಎಚ್ಚರ ಬೇಕಿರುವುದು ಜಲಪಾತದ ಕೆಳಗಿನ ನೀರಿನ ಗುಂಡಿಯಲ್ಲಿ. ಈ ಭಾಗದ ಕಲ್ಲು ಸುಣ್ಣದಕಲ್ಲು. ಬಿಳಿ ಬಂಡೆಯಿಂದಲೇ ವಿಭೂತಿ ಅನ್ನುವ ಹೆಸರು ಅನ್ನುತ್ತಾರೆ. ಒಣಗಿದ ಕಲ್ಲು ಕಾಲಿಗೆ ಹಿಡಿತ ಕೊಡುತ್ತದೆ, ಆದರೆ ನೀರು ಸಿಡಿಯುವ ಕಡೆಯೆಲ್ಲ ಪಾಚಿ. ಜನ ಬಿದ್ದು ಪೆಟ್ಟು ಮಾಡಿಕೊಳ್ಳುವುದು ಈಜುವಾಗಲ್ಲ, ನೀರಿಗೆ ಇಳಿಯುವ ಮೊದಲ ನಾಲ್ಕು ಹೆಜ್ಜೆಯಲ್ಲಿ. ಹವಾಯಿ ಚಪ್ಪಲಿ ಬೇಡವೇ ಬೇಡ. ಹಿಂದೆ ಪಟ್ಟಿಯಿರುವ ರಬ್ಬರ್ ಅಟ್ಟೆಯ ಸ್ಯಾಂಡಲ್ ಒಳ್ಳೆಯದು. ಅದಿಲ್ಲದಿದ್ದರೆ ಬರಿಗಾಲಿಗೆ ಒರಟು ಕಾಲುಚೀಲ ಹಾಕಿದರೂ ಪಾಚಿಯ ಮೇಲೆ ಜಾರುವುದು ಕಡಿಮೆ. ಕೂತುಕೊಂಡೇ ಇಳಿಯಿರಿ. ಹಾರುವುದು, ಡೈವ್ ಮಾಡುವುದು ಬೇಡ: ಪ್ರತಿ ಮಳೆಗಾಲವೂ ಹೊಳೆ ಕಲ್ಲುಗಳನ್ನು ಹೊರಳಿಸುತ್ತದೆ, ಹೋದ ವರ್ಷದ ಆಳ ಈ ವರ್ಷ ಇರುವುದಿಲ್ಲ.

ಮೊದಲು ಈಜು ಬಲ್ಲ ದೊಡ್ಡವರೊಬ್ಬರು ಇಳಿದು, ಎದೆಮಟ್ಟದ ನೀರು ಎಲ್ಲಿ ಮುಗಿಯುತ್ತದೆ ಅಂತ ಕಾಲಲ್ಲೇ ತಡವಿ ನೋಡಲಿ. ಮಕ್ಕಳ ಗಡಿ ಅವರ ಸೊಂಟದ ಮಟ್ಟ. ಧಾರೆ ಬೀಳುವ ಕಡೆ ನೊರೆ ಬೆಳ್ಳಗಿದ್ದರೆ ಅದರೊಳಗೆ ಹೋಗಕೂಡದು. ಆ ನೀರಿನಲ್ಲಿ ಗಾಳಿ ಬೆರೆತಿರುತ್ತದೆ, ಅದು ಮೈಯನ್ನು ಎತ್ತಿಹಿಡಿಯುವುದಿಲ್ಲ. ಚೆನ್ನಾಗಿ ಈಜುವವರೂ ಅಲ್ಲಿ ಮುಳುಗುತ್ತಾರೆ.

ಗಾಳಿ ತುಂಬುವ ಟ್ಯೂಬನ್ನು ಮನೆಯಲ್ಲೇ ಬಿಡಿ. ಮಗು ಅದರೊಳಗಿಂದ ಜಾರುತ್ತದೆ, ಇಲ್ಲವೇ ತಲೆಕೆಳಗಾಗುತ್ತದೆ. ತೂಕಕ್ಕೆ ಸರಿಹೊಂದುವ, ಕಾಲುಗಳ ನಡುವೆ ಪಟ್ಟಿಯಿರುವ ಲೈಫ್ ಜಾಕೆಟ್ ಬೇಕು. ಇದರ ಜೊತೆ 15 ಮೀಟರ್ ಪ್ಲಾಸ್ಟಿಕ್ ಹಗ್ಗ, ಅದರ ತುದಿಗೆ ಮುಚ್ಚಳ ಬಿಗಿದ 5 ಲೀಟರ್ ಖಾಲಿ ಕ್ಯಾನ್ ಕಟ್ಟಿ ದಡದಲ್ಲಿಟ್ಟಿರಿ. ಎಸೆಯಲು ಭಾರ ಬರಲೆಂದು ಕ್ಯಾನಿನೊಳಗೆ ಒಂದು ಲೋಟ ನೀರು ಬಿಡಿ. ಯಾರಾದರೂ ಮುಳುಗತೊಡಗಿದರೆ ಹಿಂದೆಯೇ ಹಾರದೆ ಇದನ್ನು ಎಸೆಯಿರಿ. ಒಬ್ಬರನ್ನು ಹಿಡಿಯಲು ಹೋಗಿ ಇಬ್ಬರು ಹೋಗುವುದು ನಮ್ಮ ಹೊಳೆಗಳಲ್ಲಿ ಹೊಸತಲ್ಲ.

ಬೆಳಿಗ್ಗೆ ಒಂಬತ್ತರೊಳಗೆ ಅಲ್ಲಿರಿ. ಜನ ಕಡಿಮೆ, ಮೇಲಾಗಿ ಹಿಂಗಾರಿನ ಗುಡುಗು ಮಳೆ ಸಾಮಾನ್ಯವಾಗಿ ಮಧ್ಯಾಹ್ನದ ಮೇಲೆ. ನಿಮ್ಮ ತಲೆಯ ಮೇಲೆ ಬಿಸಿಲಿದ್ದರೂ ಘಟ್ಟದ ಮೇಲೆ ಸುರಿದ ಮಳೆ ಇಲ್ಲಿಗೆ ಬರುತ್ತದೆ. ತಿಳಿನೀರು ಕೆಂಪಾದರೆ, ತರಗೆಲೆ, ಕಡ್ಡಿ ತೇಲಿಬಂದರೆ, ಸದ್ದು ಹೆಚ್ಚಿದರೆ, ಬಟ್ಟೆ ಚೀಲ ಬಿಟ್ಟು ಮೊದಲು ಮಕ್ಕಳನ್ನು ಮೇಲಕ್ಕೆ ಹತ್ತಿಸಿ.

ಉಂಬಳಗಳ (ಜಿಗಣೆಗಳ) ಕಾಟ ನವೆಂಬರಿಗೆ ಬಹುಮಟ್ಟಿಗೆ ಮುಗಿದಿರುತ್ತದೆ. ಆದರೂ ಕಚ್ಚಿದ ಉಂಬಳ ಬಿಡಿಸಲು ಬಟ್ಟೆಯಲ್ಲಿ ಒಂದು ಹಿಡಿ ಉಪ್ಪು ಗಂಟುಕಟ್ಟಿ ತನ್ನಿ. ಸೋಪು, ಶಾಂಪೂ ನೀರಿಗೆ ತಾಗಿಸಬೇಡಿ, ಕೆಳಗೆ ಅದೇ ಹೊಳೆಯ ನೀರು ಬಳಸುವ ಊರುಗಳಿವೆ.

ಬಂಡೆ ಶಿಖರಗಳಿಗೆ ಹೆಸರಾದ ಯಾಣ ಹತ್ತು ಕಿಲೋಮೀಟರ್ ಆಸುಪಾಸಿನಲ್ಲಿದೆ, ಈಜಿದ ಮೇಲೆ ಹೋಗಬಹುದು. ಅಲ್ಲಿ 120 ಮೀಟರ್ ಎತ್ತರದ ಭೈರವೇಶ್ವರ ಶಿಖರದಲ್ಲಿ ಹೆಜ್ಜೇನು ಗೂಡು ಕಟ್ಟುತ್ತದೆ. ಮಕ್ಕಳು ಕೂಗದಂತೆ, ಕಲ್ಲೆಸೆಯದಂತೆ ಕಾರಿನಲ್ಲೇ ಹೇಳಿಟ್ಟಿರಿ. ಅಮ್ಮನಿಗೆ ಮಂಡಿ ಆಗಲೇ ದಣಿದಿದ್ದರೆ ಯಾಣವನ್ನು ಮರುದಿನಕ್ಕೆ ಬಿಡಿ.