ಇಟ್ಟಿಗೆಯಿಲ್ಲದ ಮಹಾಗೋಡೆ

ಪ್ರಶ್ನೆ: ಕಲ್ಲೂ ಸಿಗದ ಮರುಭೂಮಿಯಲ್ಲಿ ಚೀನಾದ ಮಹಾಗೋಡೆಯನ್ನು ಯಾವುದರಿಂದ ಕಟ್ಟಿದರು?

ಉತ್ತರ: ಚಿತ್ರಗಳಲ್ಲಿ ಕಾಣುವ ಇಟ್ಟಿಗೆಯ ಗೋಡೆ ಬಹುಪಾಲು ಬೀಜಿಂಗ್ ಸುತ್ತಮುತ್ತ ಮಿಂಗ್ ಕಾಲದಲ್ಲಿ (1368–1644) ಎದ್ದದ್ದು. ಅದಕ್ಕೂ 1,500ಕ್ಕಿಂತ ಹೆಚ್ಚು ವರ್ಷ ಮೊದಲು, ಪಶ್ಚಿಮದ ಡುನ್‌ಹುವಾಂಗ್ ಬಳಿ ಹಾನ್ ಅರಸರ ಕಾಲದವರು ಕೈಗೆ ಸಿಕ್ಕಿದ್ದರಲ್ಲೇ ಕೆಲಸ ಮುಗಿಸಿದರು. ಮೊದಲು ಜೊಂಡುಹುಲ್ಲು ಹಾಸಿ, ಮೇಲೆ ಮರಳು ಮತ್ತು ಗರಸು ಸುರಿದು, ದಮ್ಮಸು ಮಾಡಿ, ಮತ್ತೆ ಜೊಂಡು ಹಾಸುವುದು. ಒಣನೆಲದಲ್ಲಿ ಜೊಂಡು ಬೇಗ ಕೊಳೆಯದು. ಗರಸು ಪಕ್ಕಕ್ಕೆ ಜಾರದಂತೆ ಅದೇ ಹಿಡಿದಿಡುತ್ತದೆ. ಯುಮೆನ್ ಕಣಿವೆದ್ವಾರದ ಹತ್ತಿರ ಉಳಿದ ತುಂಡುಗಳಲ್ಲಿ ಜೊಂಡಿನ ತುದಿಗಳು ಪದರಪದರವಾಗಿ ಇಂದಿಗೂ ಚಾಚಿಕೊಂಡಿವೆ. ಎಂಥ ಜಾಣ ಕಟ್ಟೋಣ!

ಇಂಥ ಮಣ್ಣಿನ ಗೋಡೆಗಳು ಸೋಲುವುದು ಹೆಚ್ಚಾಗಿ ಬುಡದಲ್ಲಿ. ನೆಲದ ತೇವದೊಂದಿಗೆ ಏರಿದ ಉಪ್ಪು ಹರಳುಗಟ್ಟಿ ಮಣ್ಣನ್ನು ಸಡಿಲಿಸುತ್ತದೆ, ಮರಳುಗಾಳಿ ಅದನ್ನು ಕೊರೆದೊಯ್ಯುತ್ತದೆ. ಆಸರೆ ತಪ್ಪಿದ ಮೇಲ್ಭಾಗ ಕುಸಿಯುತ್ತದೆ.